ಕಾರಾಗೃಹ ಸಿಬ್ಬಂದಿಯ ವೃತ್ತಿನೀತಿ ಮತ್ತು ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜೈಲಿನ ಸುದ್ದಿ ಪತ್ರಿಕೆಗಳಲ್ಲಿ ಬರುವುದು ಬಹುಮಟ್ಟಿಗೆ ಮೂರು ಸಂದರ್ಭಗಳಲ್ಲಿ: ಯಾರಾದರೂ ತಪ್ಪಿಸಿಕೊಂಡಾಗ, ಯಾರಾದರೂ ಸತ್ತಾಗ, ಇಲ್ಲವೇ ಒಳಗಿನ ಐಷಾರಾಮದ ಫೋಟೊ ಹೊರಬಿದ್ದಾಗ. ಆಗೆಲ್ಲ ಕೆಲವರ ಅಮಾನತು ಆಗುತ್ತದೆ, ಸಿಬ್ಬಂದಿಗೆ ಸೂಕ್ತ ತರಬೇತಿ ನೀಡಲಾಗುವುದೆಂಬ ಹೇಳಿಕೆಯೂ ಹೊರಡುತ್ತದೆ. ಆ ತರಬೇತಿಯಲ್ಲಿ ಏನಿರಬೇಕು, ಅದರಿಂದ ಎಷ್ಟು ಸಾಧ್ಯ, ಎಷ್ಟು ಅಸಾಧ್ಯ ಎಂಬುದನ್ನು ಇಲಾಖೆಗೆ ಸೇರಲು ಹೊರಟವರು, ಈಗಾಗಲೇ ಸೇವೆಯಲ್ಲಿರುವವರು ಮತ್ತು ಒಳಗಿರುವವರ ಮನೆಮಂದಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ವೃತ್ತಿನೀತಿಯ ಸಮಸ್ಯೆ ಎಂದರೆ ಲಂಚ ಮಾತ್ರವೇ?

ಅಲ್ಲ. ಲಂಚ ಎದ್ದು ಕಾಣುತ್ತದೆ, ಅಷ್ಟೇ. ಹೊಡೆತ, ಬೈಗುಳ, ಬೇಕೆಂದೇ ಮನೆಯವರ ಸಂದರ್ಶನ (ಭೇಟಿ) ತಡಮಾಡುವುದು, ಕಾಯಿಲೆ ಬಿದ್ದವನನ್ನು ನಾಟಕವಾಡುತ್ತಿದ್ದಾನೆಂದು ಆಸ್ಪತ್ರೆಗೆ ಕಳಿಸದಿರುವುದು, ಬಂದಿಯಿಂದ ಸ್ವಂತ ಕೆಲಸ ಮಾಡಿಸಿಕೊಳ್ಳುವುದು, ಜಾತಿ ನೋಡಿ ಕೆಲಸ ಹಂಚುವುದು, ಒಬ್ಬನ ಗುಟ್ಟನ್ನು ಇನ್ನೊಬ್ಬನಿಗೆ ಹೇಳುವುದು, ಸಹೋದ್ಯೋಗಿಯ ತಪ್ಪನ್ನು ಕಂಡೂ ಸುಮ್ಮನಿರುವುದು, ಇವೆಲ್ಲವೂ ವೃತ್ತಿನೀತಿಯ ಪ್ರಶ್ನೆಗಳೇ. ಹೊರಗಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನೊಬ್ಬ ಸತಾಯಿಸಿದರೆ ನಾಗರಿಕ ಎದ್ದು ಹೋಗಬಹುದು, ಮೇಲಧಿಕಾರಿಯ ಬಾಗಿಲು ತಟ್ಟಬಹುದು. ಜೈಲಿನಲ್ಲಿರುವವನಿಗೆ ಎದ್ದು ಹೋಗಲು ಜಾಗವಿಲ್ಲ. ಅವನ ಊಟ, ನಿದ್ದೆ, ಔಷಧಿ, ಮನೆಯವರ ಮುಖ ಎಲ್ಲವೂ ಒಬ್ಬ ವೀಕ್ಷಕನ (ವಾರ್ಡರ್, ಅಂದರೆ ಜೈಲಿನ ಕಾವಲು ಸಿಬ್ಬಂದಿ) ಕೈಯ ಬೀಗದ ಕೈಯನ್ನು ದಾಟಿಯೇ ಬರಬೇಕು. ಆದ್ದರಿಂದಲೇ ಬೇರೆಡೆ ಚಿಕ್ಕದೆನಿಸುವ ಅಸಡ್ಡೆಯೂ ಇಲ್ಲಿ ಚಿಕ್ಕದಾಗಿ ಉಳಿಯುವುದಿಲ್ಲ.

ಒಳ್ಳೆಯ ಮನೆತನದಿಂದ ಬಂದ, ಓದಿದ ಹುಡುಗರೂ ಕೆಲವೇ ವರ್ಷಗಳಲ್ಲಿ ಏಕೆ ಜಾರುತ್ತಾರೆ?

ಈ ಪುಟದ ಮುಖ್ಯ ಪ್ರಶ್ನೆ ಇದೇ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಮೊತ್ತದ ಲಂಚವನ್ನು ಮೊದಲ ದಿನವೇ ಯಾರೂ ಯಾರಿಗೂ ಕೊಡಲು ಬರುವುದಿಲ್ಲ. ಜಾರುವಿಕೆ ಆರಂಭವಾಗುವುದು ಕರುಣೆಯಂತೆ ಕಾಣುವ ಒಂದು ಸಣ್ಣ ಉಪಕಾರದಿಂದ.

ಒಂದು ರಾತ್ರಿ ಪಾಳಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬ್ಯಾರಕ್‌ನ ಸರಳುಗಳ ಆಚೆಯಿಂದ ಮಧ್ಯವಯಸ್ಸಿನ ಬಂದಿಯೊಬ್ಬ, "ಸಾರ್, ಮಗಳಿಗೆ ಜ್ವರ ಅಂತೆ, ಎರಡೇ ನಿಮಿಷ ನಿಮ್ಮ ಫೋನ್ ಕೊಡಿ" ಎನ್ನುತ್ತಾನೆ. ಕೆಲಸಕ್ಕೆ ಸೇರಿ ಆರು ತಿಂಗಳಾದ ವೀಕ್ಷಕನಿಗೂ ಮನೆಯಲ್ಲಿ ಮಗುವಿದೆ. ಅವನು ಕೊಡುತ್ತಾನೆ. ಮುಂದಿನ ವಾರ ಅದೇ ಬಂದಿ ಇನ್ನೊಬ್ಬನ ಪರವಾಗಿ ಕೇಳುತ್ತಾನೆ. ಮೂರನೆಯ ಬಾರಿ ವೀಕ್ಷಕ ಆಗುವುದಿಲ್ಲವೆಂದಾಗ, "ಮೊನ್ನೆ ಕೊಟ್ಟಿದ್ದು ಸಾಹೇಬರಿಗೆ ಗೊತ್ತಾದರೆ ನಿಮ್ಮ ಕೆಲಸದ ಗತಿ ಏನು ಸಾರ್?" ಎಂಬ ಮಾತು ಮೆಲ್ಲನೆ ಬರುತ್ತದೆ. ಅಲ್ಲಿಂದ ಮುಂದೆ ಫೋನು, ಸಿಮ್ಮು, ಗಾಂಜಾ ಎಲ್ಲಕ್ಕೂ ದಾರಿ ತೆರೆದಂತೆ, ಮತ್ತು ಬೀಗದ ಕೈ ಯಾರ ಸೊಂಟದಲ್ಲಿದ್ದರೂ ಆಜ್ಞೆ ಇನ್ನೊಬ್ಬನದಾಗುತ್ತದೆ.

ಇದರ ಜೊತೆಗೆ ಕೆಲಸದ ಹೊರೆಯೂ ಸೇರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ 2022ರ ಅಂಕಿಅಂಶದಂತೆ ದೇಶದ ಜೈಲುಗಳಲ್ಲಿ 4,36,266 ಮಂದಿಗೆ ಜಾಗವಿದ್ದರೆ, ಒಳಗಿದ್ದವರು 5,73,220 ಮಂದಿ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಇನ್ನೂ ವಿಚಾರಣೆ ಮುಗಿಯದವರು. ಸಿಬ್ಬಂದಿಯ ಮಂಜೂರಾದ ಹುದ್ದೆಗಳಲ್ಲಿ ಸುಮಾರು ಶೇ 30ರಷ್ಟು ಖಾಲಿ. ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆಂಬುದು ಕೇಂದ್ರದ ಮಾದರಿ ಕೈಪಿಡಿಯ ಲೆಕ್ಕವಾದರೂ, ನೂರಾರು ಮಂದಿಯಿರುವ ಬ್ಯಾರಕ್ ಸಾಲಿಗೆ ಇಬ್ಬರು ನಿಂತಾಗ ಅವರು ಬಂದಿಗಳಲ್ಲೇ ಬಲಶಾಲಿಯಾದವನ ಸಹಕಾರ ಪಡೆಯದೆ ರಾತ್ರಿ ಕಳೆಯುವುದು ಕಷ್ಟ. ಆ ಸಹಕಾರಕ್ಕೆ ಒಂದು ಬೆಲೆ ಇರುತ್ತದೆ. ಇದನ್ನು ಹೇಳುವುದು ತಪ್ಪನ್ನು ಮನ್ನಿಸಲು ಅಲ್ಲ; ಈ ಸತ್ಯವನ್ನು ಬದಿಗಿಟ್ಟು ರೂಪಿಸಿದ ಯಾವ ನೀತಿಪಾಠವೂ ತರಗತಿಯ ಬಾಗಿಲು ದಾಟುವುದಿಲ್ಲ ಎಂಬ ಕಾರಣಕ್ಕೆ.

ಬಂದಿಯ ಕೈಗೇ ಅಧಿಕಾರ ಕೊಟ್ಟರೆ ಏನಾಗುತ್ತದೆ?

ಸನ್ನಡತೆಯ ಶಿಕ್ಷಾಬಂದಿಗಳನ್ನು ಮೇಲ್ವಿಚಾರಕರಾಗಿ ನೇಮಿಸುವ ಪದ್ಧತಿಗೆ 1894ರ ಕಾರಾಗೃಹ ಕಾಯ್ದೆಯಷ್ಟೇ ವಯಸ್ಸು. ಬಂದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ ರೂಪಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 40ನೆಯದು, ಯಾವ ಬಂದಿಯನ್ನೂ ಶಿಸ್ತುಕ್ರಮದ ಅಧಿಕಾರವಿರುವ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ.

2017ರ ಜೂನ್‌ನಲ್ಲಿ ಮುಂಬೈನ ಬೈಕುಲ್ಲಾ ಮಹಿಳಾ ಕಾರಾಗೃಹದಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ಅಲ್ಲಿ ಒಬ್ಬ ಶಿಕ್ಷಾಬಂದಿಗೆ ಬೆಳಗಿನ ಪಡಿತರ ಹಂಚುವ ಜವಾಬ್ದಾರಿ ಇತ್ತು. ಎರಡು ಮೊಟ್ಟೆ ಮತ್ತು ಐದು ಪಾವ್ ಲೆಕ್ಕಕ್ಕೆ ಸಿಗಲಿಲ್ಲವೆಂಬ ವಿಷಯದಿಂದ ಆರಂಭವಾದ ಹಲ್ಲೆಯಲ್ಲಿ ಆಕೆ ಸತ್ತಳೆಂಬ ಆರೋಪದ ಮೇಲೆ ಜೈಲರ್ ಸೇರಿ ಆರು ಮಂದಿ ಮಹಿಳಾ ಸಿಬ್ಬಂದಿಯ ವಿರುದ್ಧ ಕೊಲೆ ಪ್ರಕರಣ ದಾಖಲಾಯಿತು. ಎರಡು ಮೊಟ್ಟೆಯ ಲೆಕ್ಕ ತಪ್ಪಿದರೆ ಒಂದು ಸಾಲು ಬರೆದು ಮೇಲಧಿಕಾರಿಗೆ ಕಳಿಸುವುದು ನಿಯಮ. ಆ ಸಾಲು ಬರೆಯುವ ಬದಲು ಕೈ ಎತ್ತುವ ಅಭ್ಯಾಸ ಹೇಗೆ ಹುಟ್ಟಿತು, ಸುತ್ತ ನಿಂತವರಲ್ಲಿ ಒಬ್ಬರಾದರೂ ಏಕೆ ತಡೆಯಲಿಲ್ಲ ಎಂಬ ಪ್ರಶ್ನೆಯನ್ನು ತರಬೇತಿಯ ಕೋಣೆಯಲ್ಲಿ ಎತ್ತದಿದ್ದರೆ ಅದನ್ನು ಎತ್ತಬೇಕಾದ ಜಾಗ ಬೇರೆ ಇಲ್ಲ.

ಕಾನೂನು ಏನು ಹೇಳುತ್ತದೆ?

ಕಾನೂನಿನ ಕೊರತೆ ಇಲ್ಲ. ಕಾರಾಗೃಹ ರಾಜ್ಯಪಟ್ಟಿಯ ವಿಷಯ. ಕರ್ನಾಟಕದಲ್ಲಿ 1963ರ ಕಾರಾಗೃಹ ಕಾಯ್ದೆ ಮತ್ತು ಅದರಡಿಯ ನಿಯಮಗಳಿವೆ. 1894ರ ಕಾಯ್ದೆಯ 9ನೆಯ ಸೆಕ್ಷನ್ ಸಿಬ್ಬಂದಿಯು ಬಂದಿಯೊಂದಿಗೆ ಹಣದ ಅಥವಾ ಬೇರೆ ಯಾವ ವ್ಯವಹಾರವನ್ನೂ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಇಟ್ಟುಕೊಳ್ಳಬಾರದೆಂದಿತು; 10ನೆಯದು ಜೈಲಿನ ಗುತ್ತಿಗೆಗಳಲ್ಲಿ ಪಾಲು ಇರಬಾರದೆಂದಿತು. ಭ್ರಷ್ಟಾಚಾರ ತಡೆ ಕಾಯ್ದೆಯ 7ನೆಯ ಸೆಕ್ಷನ್‌ನಂತೆ ಲಂಚಕ್ಕೆ 3ರಿಂದ 7 ವರ್ಷಗಳ ಸಜೆ ಇದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಜೈಲು ಸಿಬ್ಬಂದಿ ತನ್ನ ವಶದಲ್ಲಿರುವವರ ಮೇಲೆ ಎಸಗುವ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷಗಳ ಶಿಕ್ಷೆ. ಬಲವಂತವಿಲ್ಲದಿದ್ದರೂ ಸ್ಥಾನಬಲದಿಂದ ಪಡೆದ ಲೈಂಗಿಕ ಸಂಬಂಧವೂ 68ನೆಯ ಸೆಕ್ಷನ್‌ನಡಿ ಪ್ರತ್ಯೇಕ ಅಪರಾಧ. "ಅವಳೇ ಒಪ್ಪಿದ್ದಳು" ಎಂಬ ಸಮಜಾಯಿಷಿ ಬೀಗದ ಕೈ ಹಿಡಿದವನ ಬಾಯಿಂದ ನಿಲ್ಲುವುದಿಲ್ಲವೆಂದು ಹೊಸಬರಿಗೆ ಮೊದಲ ವಾರದಲ್ಲೇ ತಿಳಿಯಬೇಕು.

ನ್ಯಾಯಾಲಯಗಳು ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಬಂದಿಗಳೇ ಬರೆದ ಪತ್ರಗಳಿಂದ. ತಿಹಾರ್ ಜೈಲಿನಲ್ಲಿ ಮುಖ್ಯ ವೀಕ್ಷಕನೊಬ್ಬ ಹಣ ಕೀಳುವ ಸಲುವಾಗಿ ಸಹಬಂದಿಯೊಬ್ಬನನ್ನು ಹಿಂಸಿಸಿದನೆಂದು ಸುನಿಲ್ ಬಾತ್ರಾ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯಾಗಿ ಸ್ವೀಕರಿಸಿತು. 1979ರ ಡಿಸೆಂಬರ್‌ನ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಜೈಲುಗಳಲ್ಲಿ ದೂರುಪೆಟ್ಟಿಗೆ ಇಡಬೇಕೆಂದೂ ನ್ಯಾಯಾಧಿಕಾರಿಗಳು ಆಗಾಗ ಭೇಟಿ ಕೊಡಬೇಕೆಂದೂ ಸೂಚಿಸಿದರು. ನಮ್ಮ ಬೆಂಗಳೂರು ಕೇಂದ್ರ ಕಾರಾಗೃಹದ ಬಂದಿಯೊಬ್ಬರು ದೇಶದ ಮುಖ್ಯ ನ್ಯಾಯಮೂರ್ತಿಗೆ ಬರೆದ ಪತ್ರದಿಂದ ಹುಟ್ಟಿದ್ದು ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ. 1996ರ ಡಿಸೆಂಬರ್‌ನ ಆ ತೀರ್ಪು ದೇಶದ ಜೈಲುಗಳ ಒಂಬತ್ತು ಕಾಯಿಲೆಗಳನ್ನು ಗುರುತಿಸಿತು. ಕಿಕ್ಕಿರಿದ ಬ್ಯಾರಕ್‌ಗಳು, ವಿಚಾರಣೆಯ ವಿಳಂಬ, ಚಿತ್ರಹಿಂಸೆ, ಆರೋಗ್ಯದ ಕಡೆಗಣನೆ ಅವುಗಳಲ್ಲಿ ಕೆಲವು. ಇಷ್ಟು ವರ್ಷಗಳ ನಂತರ ಆ ಪಟ್ಟಿಯನ್ನು ಓದಿದರೆ ಇಂದಿನ ದಿನಪತ್ರಿಕೆ ಓದಿದಂತಾಗುವುದು ನೋವಿನ ಸಂಗತಿ.

ಜಾತಿಯ ವಿಚಾರ ಜೈಲಿನೊಳಗೂ ಬರುತ್ತದೆಯೇ?

ಬರುತ್ತದೆ, ಮತ್ತು ಬಹುಕಾಲ ಲಿಖಿತ ನಿಯಮದ ರೂಪದಲ್ಲೇ ಇತ್ತು. ಹಲವು ರಾಜ್ಯಗಳ ಜೈಲು ಕೈಪಿಡಿಗಳು ಅಡುಗೆಯ ಕೆಲಸವನ್ನು ಕೆಲವು ಜಾತಿಗಳಿಗೂ ಶೌಚಾಲಯ ಸ್ವಚ್ಛತೆಯನ್ನು ಬೇರೆ ಜಾತಿಗಳಿಗೂ ಹಂಚಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ಇದನ್ನು ಸಂವಿಧಾನಬಾಹಿರವೆಂದು ಸಾರಿ, ಬಂದಿಗಳ ದಾಖಲೆಪುಸ್ತಕದಿಂದ ಜಾತಿಯ ಕಾಲಮ್ಮನ್ನು ಅಳಿಸಬೇಕೆಂದು ಆದೇಶಿಸಿತು. ಕಾಲಮ್ಮು ಅಳಿಸುವುದು ಒಂದು ದಿನದ ಕೆಲಸ. ಬೆಳಿಗ್ಗೆ ಪೊರಕೆಯನ್ನು ಯಾರ ಕೈಗೆ ಕೊಡಬೇಕೆಂದು ವೀಕ್ಷಕನೊಬ್ಬ ನಿರ್ಧರಿಸುವಾಗ ಅವನ ಮನಸ್ಸಿನಲ್ಲಿ ಓಡುವ ಲೆಕ್ಕವನ್ನು ಅಳಿಸಲು ಪಾಳಿಯ ಪಟ್ಟಿಯನ್ನು ಸರದಿಯ ಮೇಲೆ ಬರೆದು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸುವ ಅಭ್ಯಾಸವೇ ಉಪನ್ಯಾಸಕ್ಕಿಂತ ಹೆಚ್ಚು ಉಪಯುಕ್ತ.

ಪ್ರಭಾವಿಗಳಿಗೆ ಸಿಗುವ ಸೌಲಭ್ಯಗಳ ಹಿಂದೆ ಕೆಳಹಂತದ ಸಿಬ್ಬಂದಿಯೇ ಇರುತ್ತಾರೆಯೇ?

2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದೊಳಗೆ ಕೊಲೆ ಆರೋಪಿಯಾದ ಖ್ಯಾತ ನಟರೊಬ್ಬರು ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸಿಗರೇಟು ಮತ್ತು ಕಪ್ಪು ಹಿಡಿದು ಕುಳಿತ ಚಿತ್ರ ಎಲ್ಲೆಡೆ ಹರಿದಾಡಿತು. ಮುಖ್ಯ ಅಧೀಕ್ಷಕರೂ ಸೇರಿದಂತೆ ಒಂಬತ್ತು ಮಂದಿ ಅಮಾನತಾದರು. ಆರೋಪಿಯನ್ನು ಬಳ್ಳಾರಿಗೆ ಸ್ಥಳಾಂತರಿಸಲಾಯಿತು. ಮುಂದಿನ ವರ್ಷ ಅದೇ ಪ್ರಕರಣದಲ್ಲಿ ಜಾಮೀನು ರದ್ದುಮಾಡುವಾಗ ಸುಪ್ರೀಂ ಕೋರ್ಟ್ ಜೈಲಿನಲ್ಲಿ ವಿಶೇಷ ಆತಿಥ್ಯ ಕಂಡುಬಂದರೆ ಅಧೀಕ್ಷಕರನ್ನೇ ಹೊಣೆ ಮಾಡುವುದಾಗಿ ಎಚ್ಚರಿಸಿತು. ನ್ಯಾಯಾಲಯದ ಬೆರಳು ಮೇಲ್ಮುಖವಾಗಿ ಹೋದದ್ದು ಸರಿಯೆಂದೇ ನನ್ನ ನಂಬಿಕೆ. ನಾಲ್ಕು ಕುರ್ಚಿಗಳನ್ನು ಹೊರಗೆ ತಂದಿಡುವುದು ಒಬ್ಬ ವೀಕ್ಷಕನಿಂದ ಆಗಬಹುದು. ಅದು ಎಲ್ಲರ ಕಣ್ಣೆದುರು ಅಲ್ಲೇ ಉಳಿಯಬೇಕಾದರೆ ಮೇಲಿನವರ ಮೌನವೂ ಬೇಕು. ವೃತ್ತಿನೀತಿಯ ತರಬೇತಿ ವೀಕ್ಷಕರಿಗೆ ಮಾತ್ರ ಮೀಸಲಾಗಿ, ಅಧೀಕ್ಷಕರು ಉದ್ಘಾಟನೆಗೆ ಬಂದು ದೀಪ ಬೆಳಗಿ ಹೊರಟುಹೋಗುವ ಕಾರ್ಯಕ್ರಮವಾಗಬಾರದು.

ನಮ್ಮ ರಾಜ್ಯದ ಅಧಿಕಾರಿಗಳಿಗೆ ತರಬೇತಿ ಎಲ್ಲಿ?

ದಕ್ಷಿಣದ ರಾಜ್ಯಗಳು ಸೇರಿ 1979ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಆರಂಭಿಸಿದ ಕಾರಾಗೃಹ ಮತ್ತು ಸುಧಾರಣಾ ಆಡಳಿತ ಅಕಾಡೆಮಿ ಇದೆ. ಕರ್ನಾಟಕದ ಅಧಿಕಾರಿಗಳು ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದವರೊಂದಿಗೆ ಅಲ್ಲಿ ಕಲಿಯುತ್ತಾರೆ. ಕವಾಯತು, ಕಾನೂನುಗಳ ಜೊತೆಗೆ ಅಪರಾಧಶಾಸ್ತ್ರ, ಮನಶ್ಶಾಸ್ತ್ರ, ಮಾನವ ಹಕ್ಕುಗಳ ಪಾಠವೂ ಇರುತ್ತದೆ. ಮಂಡೇಲಾ ನಿಯಮಗಳ 75ನೆಯದು ಇನ್ನೂ ಕಟ್ಟುನಿಟ್ಟು: ಕರ್ತವ್ಯಕ್ಕೆ ಹಾಜರಾಗುವ ಮೊದಲೇ ತರಬೇತಿ ಆಗಿರಬೇಕು, ಅದರ ಪರೀಕ್ಷೆಯಲ್ಲಿ ತೇರ್ಗಡೆಯಾದವರಷ್ಟೇ ಸೇವೆಗೆ ಸೇರಬೇಕು, ಆಮೇಲೂ ಸೇವೆಯುದ್ದಕ್ಕೂ ತರಬೇತಿ ಮುಂದುವರಿಯಬೇಕು. ಸಿಬ್ಬಂದಿ ಕೊರತೆಯಿರುವಲ್ಲಿ ಮೊದಲು ಬಲಿಯಾಗುವುದು ಸೇವಾವಧಿಯ ಈ ಮರುತರಬೇತಿಯೇ, ಏಕೆಂದರೆ ಹದಿನೈದು ದಿನ ಒಬ್ಬನನ್ನು ಬಿಟ್ಟುಕೊಟ್ಟರೆ ಅವನ ಪಾಳಿಗೆ ಬೇರೆಯವರು ಸಿಗುವುದಿಲ್ಲ.

ನೀತಿಯನ್ನು ಕಲಿಸಲು ಆಗುತ್ತದೆಯೇ? ಅದು ಮನೆಯಿಂದ ಬರಬೇಕಾದದ್ದಲ್ಲವೇ?

ಮನೆಯಿಂದ ಬಂದದ್ದು ಜೈಲಿನ ಗೇಟಿನಲ್ಲಿ ತಾನಾಗಿ ಕೆಲಸ ಮಾಡುವುದಿಲ್ಲ. 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಜಿಂಬಾರ್ಡೊ ನಡೆಸಿದ ಪ್ರಯೋಗವನ್ನು ತರಬೇತಿಗಳಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ: ಸಾಮಾನ್ಯ ವಿದ್ಯಾರ್ಥಿಗಳನ್ನು ಕಾವಲುಗಾರರು ಮತ್ತು ಕೈದಿಗಳೆಂದು ಹಂಚಿದಾಗ ಕಾವಲುಗಾರರ ಕ್ರೌರ್ಯ ಮಿತಿಮೀರಿ, ಎರಡು ವಾರದ ಪ್ರಯೋಗವನ್ನು ಆರೇ ದಿನಕ್ಕೆ ನಿಲ್ಲಿಸಬೇಕಾಯಿತು. ಸಮವಸ್ತ್ರ ತೊಟ್ಟ ಯಾರೇ ಆಗಲಿ ಕ್ರೂರಿಯಾಗುತ್ತಾರೆಂದು ಇದರಿಂದ ಹೇಳಿಕೊಡುವುದುಂಟು. ಅದು ಅವಸರದ ಪಾಠ. ಕಾವಲುಗಾರರಿಗೆ ಬಿಗಿಯಾಗಿ ವರ್ತಿಸುವಂತೆ ಮೊದಲೇ ಸೂಚನೆ ಸಿಕ್ಕಿತ್ತೆಂಬುದು ನಂತರದ ಸಂಶೋಧಕರು ದಾಖಲೆಗಳಿಂದ ತೋರಿಸಿದ ಸಂಗತಿ. ಹೀಗಾಗಿ ಅದರಿಂದ ಕಲಿಯಬೇಕಾದದ್ದು ಬೇರೆಯೇ ಇದೆ: ಮೇಲಿನವರು ಏನನ್ನು ನಿರೀಕ್ಷಿಸುತ್ತಾರೆಂದು ಕೆಳಗಿನವರಿಗೆ ಅನ್ನಿಸುತ್ತದೋ ಹಾಗೆಯೇ ಕೆಳಗಿನವರು ನಡೆಯುತ್ತಾರೆ.

ಉಪಯೋಗಕ್ಕೆ ಬರುವ ತರಬೇತಿ ಉಪನ್ಯಾಸದಲ್ಲಿ ಮುಗಿಯುವುದಿಲ್ಲ. ಮೇಲೆ ಹೇಳಿದ ಫೋನಿನ ಪ್ರಸಂಗವನ್ನೇ ತೆಗೆದುಕೊಳ್ಳಿ. ಪ್ರಶಿಕ್ಷಣಾರ್ಥಿಗಳಲ್ಲಿ ಒಬ್ಬ ಬಂದಿಯಾಗುತ್ತಾನೆ, ಇನ್ನೊಬ್ಬ ವೀಕ್ಷಕನಾಗುತ್ತಾನೆ, ಉಳಿದವರು ಸುತ್ತ ಕೂರುತ್ತಾರೆ. ಮೊದಲ ಸಲ ವೀಕ್ಷಕನಾದವನು ಬಹುತೇಕ "ಏಯ್, ಹೋಗೋ" ಎಂದು ಗದರುತ್ತಾನೆ, ಇಲ್ಲವೇ ಕರಗಿ ಫೋನು ಕೊಡುತ್ತಾನೆ. ಎರಡೂ ಸರಿಯಲ್ಲ. ಹಲವು ಸಲ ಆಡಿಸಿದ ಮೇಲೆ ಬರಬೇಕಾದ ಉತ್ತರ ಹೀಗಿರುತ್ತದೆ: "ನನ್ನ ಫೋನ್ ಕೊಡೋಕೆ ಆಗಲ್ಲಪ್ಪ. ಈಗಲೇ ಜೈಲರ್ ಸಾಹೇಬರಿಗೆ ಹೇಳಿ ನಿನ್ನ ಕರೆಗೆ ಅನುಮತಿ ಕೇಳ್ತೀನಿ. ಅರ್ಧ ಗಂಟೆಯಲ್ಲಿ ಬಂದು ಏನಾಯ್ತು ಅಂತ ಹೇಳ್ತೀನಿ." ಆಮೇಲೆ ಪಾಳಿಯ ಪುಸ್ತಕದಲ್ಲಿ ಬೇಡಿಕೆಯನ್ನೂ ಸಮಯವನ್ನೂ ಬರೆಯಬೇಕು, ಅರ್ಧ ಗಂಟೆಯೊಳಗೆ ನಿಜವಾಗಿಯೂ ಹಿಂತಿರುಗಿ ಬರಬೇಕು. ಹಿಂತಿರುಗಿ ಬರುವುದೇ ಇಲ್ಲಿ ಮುಖ್ಯ. ನ್ಯಾಯವಾದ ಬೇಡಿಕೆಗೆ ನ್ಯಾಯವಾದ ದಾರಿ ತೆರೆದಿದ್ದರೆ ಕಳ್ಳದಾರಿಯ ಬೆಲೆ ಬಿದ್ದುಹೋಗುತ್ತದೆ. ಬಾಯಿಗೆ ಆ ಮಾತು ರೂಢಿಯಾಗಬೇಕು. ನಡುರಾತ್ರಿ ಎರಡು ಗಂಟೆಗೆ ಹೊಸದಾಗಿ ಯೋಚಿಸಿ ಹೇಳುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ.

ಬಂದಿ ತಿರುಗಿಬಿದ್ದಾಗ ನೀತಿ ನೋಡುತ್ತ ಕೂರಲು ಆಗುತ್ತದೆಯೇ?

ಬಲಪ್ರಯೋಗ ನಿಷಿದ್ಧವಲ್ಲ. ಆತ್ಮರಕ್ಷಣೆಗೆ, ಪರಾರಿ ತಡೆಯಲು, ಕಾನೂನುಬದ್ಧ ಆದೇಶಕ್ಕೆ ದೈಹಿಕ ಪ್ರತಿರೋಧ ಬಂದಾಗ, ಅಗತ್ಯವಿದ್ದಷ್ಟು ಮಾತ್ರ ಬಳಸಿ ಕೂಡಲೇ ವರದಿ ಮಾಡಬೇಕೆಂದು ಮಂಡೇಲಾ ನಿಯಮಗಳ 82ನೆಯದು ಹೇಳುತ್ತದೆ. ಬಂದಿ ಶಾಂತನಾದ ಮೇಲೆ ಬೀಳುವ ಪ್ರತಿಯೊಂದು ಏಟೂ ಸೇಡು. ಮಾತಿನಿಂದ ಬಿಸಿ ಇಳಿಸುವುದನ್ನೂ ಹಿಡಿತದ ಸುರಕ್ಷಿತ ವಿಧಾನಗಳನ್ನೂ ಕಲಿಸದೆ ಲಾಠಿ ಮಾತ್ರ ಕೊಟ್ಟರೆ ಸಿಬ್ಬಂದಿಗೆ ಲಾಠಿಯೊಂದೇ ಭಾಷೆಯಾಗುತ್ತದೆ.

ಬೇರೆ ದೇಶಗಳಲ್ಲಿ ಹೇಗಿದೆ?

ನಾರ್ವೆಯ ಉದಾಹರಣೆ ಹೆಚ್ಚು ಚರ್ಚೆಯಲ್ಲಿದೆ. ಅಲ್ಲಿ ಜೈಲು ಅಧಿಕಾರಿಯಾಗಲು ಎರಡು ವರ್ಷಗಳ ವೇತನಸಹಿತ ಶಿಕ್ಷಣ ಪಡೆಯಬೇಕು. ಕಾನೂನು, ವೃತ್ತಿನೀತಿ, ಅಪರಾಧಶಾಸ್ತ್ರ ಅದರ ಭಾಗ. ಪ್ರತಿ ಬಂದಿಗೂ ಒಬ್ಬ ಸಂಪರ್ಕ ಅಧಿಕಾರಿ ಇರುತ್ತಾರೆ. ನಾರ್ವೆಯ ಜನಸಂಖ್ಯೆ ಬೆಂಗಳೂರು ನಗರದ ಜನಸಂಖ್ಯೆಯ ಅರ್ಧವನ್ನೂ ಮುಟ್ಟದು ಎಂಬುದನ್ನು ಮರೆಯಬಾರದು; ಆದರೂ ಹೆಸರು ಹಿಡಿದು ಕರೆಯುವ, ದಿನಕ್ಕೊಮ್ಮೆ ಮಾತಾಡಿಸುವ ಅಭ್ಯಾಸಕ್ಕೆ ಬಜೆಟ್ ಬೇಕಿಲ್ಲ.

ಸಹೋದ್ಯೋಗಿಯ ತಪ್ಪು ಕಂಡವರು ಏನು ಮಾಡಬೇಕು?

ವರದಿ ಮಾಡಬೇಕು ಎಂಬ ಉತ್ತರ ಸುಲಭ, ಅದರಂತೆ ಬದುಕುವುದು ಕಷ್ಟ. ತಪ್ಪನ್ನು ಹೇಳಿದವನೊಂದಿಗೆ ಪಾಳಿ ಹಂಚಿಕೊಳ್ಳಲು ಜೊತೆಯವರು ಹಿಂಜರಿಯುತ್ತಾರೆ. ಗಲಾಟೆಯಾದಾಗ ಬೆನ್ನಿಗೆ ನಿಲ್ಲುವವರಿಲ್ಲವೆಂಬ ಭಯ ಸುಳ್ಳಲ್ಲ. ಮೇಲಿನ ಹುದ್ದೆಯಲ್ಲಿದ್ದರೂ ರಕ್ಷಣೆ ಖಚಿತವಿಲ್ಲ. 2017ರ ಜುಲೈನಲ್ಲಿ ಆಗಿನ ಕಾರಾಗೃಹಗಳ ಡಿಐಜಿ ಡಿ. ರೂಪಾ ಅವರು ಪರಪ್ಪನ ಅಗ್ರಹಾರದಲ್ಲಿ ತಮಿಳುನಾಡಿನ ರಾಜಕಾರಣಿಯೊಬ್ಬರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆಯೆಂದು ವರದಿ ಕೊಟ್ಟ ಕೆಲವೇ ದಿನಗಳಲ್ಲಿ ಅವರ ವರ್ಗಾವಣೆಯಾಯಿತು. ನಂತರ ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ವಿಚಾರಣಾ ವರದಿ ವಿಶೇಷ ಸೌಲಭ್ಯ ಸಿಕ್ಕಿದ್ದು ನಿಜವೆಂದಿತು. ಸಂಸತ್ತು 2014ರಲ್ಲೇ ಅಂಗೀಕರಿಸಿದ ಮಾಹಿತಿದಾರರ ರಕ್ಷಣಾ ಕಾಯ್ದೆ ಜಾರಿಗೆ ಬಂದಿಲ್ಲ. ಆದ್ದರಿಂದ ಕೆಳಹಂತದ ನೌಕರನಿಗೆ ನನ್ನ ಸಲಹೆ ಇಷ್ಟು: ಕಂಡದ್ದನ್ನು ಅದೇ ದಿನ ದಿನಾಂಕ, ಸಮಯ ಸಹಿತ ಬರೆದಿಡಿ, ಬಾಯಿಮಾತಿಗಿಂತ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಆ ನೌಕರ ಒಂಟಿಯಾಗದಂತೆ ನೋಡಿಕೊಳ್ಳುವುದು ಅವನ ಅಧೀಕ್ಷಕರ ಕೆಲಸ, ಅದನ್ನು ಅಧೀಕ್ಷಕರ ತರಬೇತಿಯಲ್ಲೇ ಕಲಿಸಬೇಕು.

ಸಂದರ್ಶನಕ್ಕೆ ಹೋದಾಗ ಸಿಬ್ಬಂದಿ ಹಣ ಕೇಳಿದರೆ ಮನೆಯವರು ಏನು ಮಾಡಬಹುದು?

ಕೊಡುವುದಕ್ಕೆ ಮೊದಲೇ ಲೋಕಾಯುಕ್ತಕ್ಕೆ ದೂರು ಕೊಡುವುದು ಉತ್ತಮ. ವಿಧಿಯಿಲ್ಲದೆ ಕೊಟ್ಟಿದ್ದರೆ, ಭ್ರಷ್ಟಾಚಾರ ತಡೆ ಕಾಯ್ದೆಯ 8ನೆಯ ಸೆಕ್ಷನ್‌ನಂತೆ ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಕೊಟ್ಟವರನ್ನು ಅಪರಾಧಿಯೆಂದು ನೋಡುವುದಿಲ್ಲ. ಒಳಗಿರುವವರ ಮೇಲೆ ಹಲ್ಲೆಯಾಗಿದ್ದರೆ ವಿಚಾರಣೆಗೆ ಹಾಜರುಪಡಿಸಿದಾಗ ನ್ಯಾಯಾಧೀಶರಿಗೆ ನೇರವಾಗಿ ಹೇಳಬಹುದು. ವೈದ್ಯಕೀಯ ತಪಾಸಣೆಗೆ ಕೋರಬಹುದು. ಉಚಿತ ಕಾನೂನು ನೆರವಿಗೆ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಘಟನೆ ನಡೆದು ಒಂದು ವರ್ಷ ಮೀರಿರಬಾರದು. ಪ್ರತೀಕಾರದ ಭಯದಿಂದ ಬಹಳ ಮಂದಿ ಬಾಯಿಮುಚ್ಚಿಕೊಂಡಿರುತ್ತಾರೆ. ಆ ಭಯ ಅರ್ಥವಾಗುವಂಥದ್ದೇ. ಹೀಗಾಗಿ ದೂರಿನಲ್ಲೇ ಬಂದಿಯ ಸುರಕ್ಷತೆಯ ಬಗ್ಗೆ ಒಂದು ಸಾಲು ಸೇರಿಸುವಂತೆ ವಕೀಲರಿಗೆ ಹೇಳಿ.

ತರಬೇತಿ ಫಲಿಸಿದೆಯೆಂದು ತಿಳಿಯುವುದು ಹೇಗೆ?

ತರಬೇತಿಯ ಕೊನೆಯ ದಿನ ತುಂಬಿಸುವ ಅಭಿಪ್ರಾಯಪತ್ರದಿಂದ ಏನೂ ತಿಳಿಯುವುದಿಲ್ಲ. ಅದರಲ್ಲಿ ಎಲ್ಲರೂ "ಉತ್ತಮವಾಗಿತ್ತು" ಎಂದೇ ಬರೆಯುತ್ತಾರೆ. ನೋಡಬೇಕಾದದ್ದು ಪಾಳಿಯ ಪುಸ್ತಕವನ್ನು. ಬಂದಿ ಏನೋ ಆಮಿಷ ಒಡ್ಡಿದ, ನಾನು ಬೇಡವೆಂದೆ, ವರದಿ ಮಾಡುತ್ತಿದ್ದೇನೆ ಎಂಬ ನಮೂದುಗಳು ಆರು ತಿಂಗಳಲ್ಲಿ ಎಷ್ಟು ಬಂದವು? ಬಲ ಬಳಸಿದ ಪ್ರತಿ ಸಲವೂ ವರದಿ ಬಂತೇ? ದೂರುಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇದೆ, ಕೊನೆಯ ಸಲ ಅದನ್ನು ತೆರೆದದ್ದು ಯಾವಾಗ? ತರಬೇತಿಯ ನಂತರದ ಮೊದಲ ವರ್ಷ ಇಂಥ ನಮೂದುಗಳೂ ದೂರುಗಳೂ ಹೆಚ್ಚಾದರೆ ಜೈಲು ಕೆಟ್ಟಿತೆಂದು ಗಾಬರಿಬಿದ್ದು ಅಧೀಕ್ಷಕರಿಂದ ವಿವರಣೆ ಕೇಳಬಾರದು, ಏಕೆಂದರೆ ಹಿಂದೆ ನಡೆಯುತ್ತಿದ್ದರೂ ಬರೆಯದೆ ಬಿಟ್ಟದ್ದನ್ನು ಈಗ ಬರೆಯಲು ಆರಂಭಿಸಿರುತ್ತಾರೆ. ಚಿಂತಿಸಬೇಕಾದದ್ದು ಸಾವಿರಾರು ಬಂದಿಗಳಿರುವ ಜೈಲಿನ ಪುಸ್ತಕದಲ್ಲಿ ವರ್ಷವಿಡೀ ಅಂಥ ಒಂದು ಸಾಲೂ ಇಲ್ಲದಿದ್ದಾಗ.